ನಾಲ್ಕನೆಯ ವೇಷ

ಪರದೆ ಒಳಕ್ಕೆ ಹೋಯಿತು, ಬಾಯಿರುವ ಕಡೆ ಸಣ್ಣ ಗುಳಿ ಬಿತ್ತು — ಯಾರದೋ ಮನೆಯ ಹಳೆಯ ಕಿಟಕಿ ಪರದೆ, ಮುಖಕ್ಕೆ ಕಟ್ಟಿಕೊಂಡು ಬಾಗಿಲ ಬಳಿಯೇ ನಿಂತಿದ್ದಾನೆ ನಾಲ್ಕನೆಯವನು, ಕ್ರಿಸ್‌ಮಸ್ಸಿನ ಹನ್ನೆರಡು ದಿನವೂ ನಮ್ಮ ಕೊಲ್ಲಿಯಲ್ಲಿ ವೇಷದವರು ಹೀಗೇ ತಾನೇ ಬರುವುದು, ಗಂಡಸರು ಅಜ್ಜಿಯರ ಲಂಗದಲ್ಲಿ, ಹೆಂಗಸರು ಗಂಡಂದಿರ ಬೂಟಿನಲ್ಲಿ, ದನಿ ಗುರುತು ಸಿಗಬಾರದೆಂದು ಉಸಿರನ್ನು ಒಳಗೆಳೆದುಕೊಂಡೇ ಮಾತು, ನಾನ್ಯಾರು ಹೇಳಿ, ನಾನ್ಯಾರು ಹೇಳಿ, ಸರಿಯಾಗಿ ಹೆಸರು ಹೇಳಿದರೆ ಪರದೆ ಎತ್ತಲೇಬೇಕು, ಮೂವರನ್ನು ಆಗಲೇ ಹಿಡಿದಾಯಿತು, ನನಗೆ, ಈ ಗಿಡಿಯನ್ ಟಲ್ಕನಿಗೆ, ಅದೇನು ಮಹಾ, ಮೂವರೂ ಒಲೆಯ ಪಕ್ಕ ಕೂತು ಟ್ರೈಫೀನಾ ಕೊಟ್ಟ ಕೇಕು ಮುಕ್ಕುತ್ತಿದ್ದಾರೆ. ಏನ್ ಗಿಡಿಯನ್ ಮಾವ, ಮಂತ್ರಿಗಿರಿ ಜೊತೆ ಕಣ್ಣೂ ಹೋಯ್ತಾ, ಇನ್ನೊಬ್ರಿದಾರಲ್ಲ — ಇದು ರೂಬೆನ್, ಬಾಯಿ ತುಂಬ ಕೇಕು. ಹೋಗೋ, ಮೊದ್ಲು ನಿಮ್ಮಜ್ಜಿ ಲಂಗ ಸರಿಮಾಡ್ಕೊ. ಟ್ರೈಫೀನಾ ನಕ್ಕಳು, ನನ್ನ ಹೆಂಡತಿ ಈ ಮನೆಯಲ್ಲಿ ನಕ್ಕು ಎಷ್ಟು ದಿನವಾಗಿತ್ತು. ನಾಲ್ಕು ಗಂಟೆಗೇ ಕತ್ತಲು, ದೀಪ ಹಚ್ಚಿದೆ, ಬೂಟುಗಳಿಂದ ಕರಗಿದ ಹಿಮದ ನೀರನ್ನು ಬೆಕ್ಕು ನೆಕ್ಕುತ್ತ ಹೋಗಿ ಆ ನಾಲ್ಕನೆಯವನ ಬೂಟಿನ ಹತ್ತಿರ ಬಾಯಿಟ್ಟು, ತಲೆ ಕೊಡವಿ ಹಿಂದೆ ಸರಿಯಿತು, ಯಾಕೆ ಸರಿಯಿತು, ಹಿಮದ ನೀರು ಉಪ್ಪಿರುವುದಿಲ್ಲವಲ್ಲ.

ಗುರುತು ಹಿಡಿದೇ ಮೇಲೆ ಬಂದವನಲ್ಲವೇ ನಾನು, ದೋಣಿಯಲ್ಲಿ ಕೊಲ್ಲಿಯಿಂದ ಕೊಲ್ಲಿಗೆ, ಮೀನು ಸೀಳುವವರ ಪಕ್ಕ ನಿಂತು ನಾನೂ ಚಾಕು ಹಿಡಿದು, ಮಂಜಿನಲ್ಲಿ ನಡಿಗೆ ನೋಡಿಯೇ ಹೆಸರು ಕೂಗುತ್ತಿದ್ದೆ, ಟಲ್ಕ ನಮ್ಮೋನು ಕಣ್ರೋ, ನಮ್ ಹೆಸ್ರು ಗೊತ್ತು ಅವ್ನಿಗೆ, ಅದೊಂದಕ್ಕೇ ಮೂರು ಸಲ ಚುನಾವಣೆ ಗೆಲ್ಲಿಸಿದರು — ಆಮೇಲೆ ನಮ್ಮ ನ್ಯೂಫೌಂಡ್‌ಲ್ಯಾಂಡಿನ ಮೀನನ್ನು ಜಗತ್ತಿನಲ್ಲಿ ಕೇಳುವವರೇ ಇಲ್ಲದ ವರ್ಷಗಳು, ರಾಜಧಾನಿ, ಮಂತ್ರಿಯ ಮೇಜು, ಮೇಜಿನ ಮೇಲೆ ಊರೂರಿನ ಪಟ್ಟಿ, ಸರಕಾರ ಹಸಿದವರಿಗೆ ಕೊಡುವ ಪರಿಹಾರದ ಕಂದು ಹಿಟ್ಟು ಯಾರಿಗೆ, ಯಾರಿಗಿಲ್ಲ, ಕೊನೆಗೆ ನಮ್ಮ ಶಾಸನಸಭೆಯನ್ನೇ ಮುಚ್ಚಲು ಕೈ ಎತ್ತಿದೆವು, ನಾನೂ ಎತ್ತಿದೆ, ಸಮುದ್ರದಾಚೆಯ ದೊರೆಗಳೇ ಬಂದು ಆಳಲಿ ಎಂದು, ನಾಚಿಕೆಯಾಗುತ್ತದೆ, ಆದರೂ ನನ್ನನ್ನು ತಿನ್ನುತ್ತಿರುವುದು ಅದಲ್ಲ. ಏಸಾವ್ ಬ್ರೆಟ್. ಇದೇ ಊರಿನವನು, ನನ್ನ ಮೊದಲ ಚುನಾವಣೆಗೆ ದೋಣಿ ನಡೆಸಿದವನು, ತುಂಬಿದ ಸಭೆಯಲ್ಲಿ ಎದ್ದು ನಿಂತ, ನೀನು ದೊಡ್ಡೋರ ಬೂಟು ನೆಕ್ಕು ಗಿಡಿಯನ್, ನಾವಿಲ್ಲಿ ಹಿಟ್ಟು ನೆಕ್ತೀವಿ, ಜನ ಹೊಟ್ಟೆ ಹಿಡಿದು ನಕ್ಕರು, ಆ ನಗು ಈಗಲೂ ಕಿವಿಯಲ್ಲಿದೆ — ಅವತ್ತೇ ಪಟ್ಟಿ ತರಿಸಿದೆ, ಗಟ್ಟಿಮುಟ್ಟಾದ ಆಳು, ಸ್ವಂತ ದೋಣಿ ಇದೆ, ಎಂದು ಬರೆದು ಅವನ ಹೆಸರಿನ ಮೇಲೆ ಗೀಟೆಳೆದೆ. ಅವನ ಹೆಂಡತಿ ಕೆಜಾಯಾ ಬಂದಳು, ಹೊಟ್ಟೆಗಿಲ್ದೆ ಮಗು ಕಾಲು ಊದ್ಕೊಂಡಿದೆ ಗಿಡಿಯನ್ ಮಾವ, ಅವ್ರೇನೋ ಬಾಯಿ ಹರ್ಕೊಂಡ್ರು, ನೀವು ಮನಸ್ಸಲ್ಲಿ ಇಟ್ಕೋಬೇಡಿ. ಯಾರಮ್ಮ ನೀನು ಎಂದೆ. ಯಾರಮ್ಮ ನೀನು — ಅವಳ ಮದುವೆಯಲ್ಲಿ ಕುಣಿದವನು ನಾನು, ಅವಳಿಗೆ ಆ ಹೆಸರಿಟ್ಟ ದಿನ ಚರ್ಚಿನಲ್ಲಿದ್ದವನು. ಅವಳು ಅಳಲಿಲ್ಲ, ಶಾಲು ಎಳೆದುಕೊಂಡು ಹೋದಳು. ನವೆಂಬರಿನಲ್ಲಿ ಏಸಾವ್ ಒಬ್ಬನೇ ಕಡಲಿಗಿಳಿದ, ಮೂರನೆಯ ದಿನ ದೋಣಿ ಮಗುಚಿಕೊಂಡು ತೇಲಿ ಬಂತು, ಅವನು ಬರಲಿಲ್ಲ.

ಬಾಗಿಲ ಬಳಿಯ ನಾಲ್ಕನೆಯವನು ಒಂದು ಹೆಜ್ಜೆ ಮುಂದಿಟ್ಟ, ಎಡಗಾಲು ಎಳೆಯುತ್ತದೆ, ಲಂಗರಿನ ಸರಪಳಿಗೆ ಸಿಕ್ಕಿ ಜಜ್ಜಿಹೋದ ಏಸಾವನ ಕಾಲು ಹಾಗೆಯೇ ಎಳೆಯುತ್ತಿತ್ತು, ಇಲ್ಲ, ಹೆಂಗಸೇ ಇರಬೇಕು, ಗಂಡನ ಬೂಟು ದೊಡ್ಡದಾಗಿ ಎಳೆಯುತ್ತಿದ್ದಾಳೆ, ಹೌದು, ಬೈಯಲು ಬಂದಿದ್ದಾಳೆ, ಬೈಯಲಿ, ಉಗಿಯಲಿ, ಕಾಲಿಗೆ ಬೀಳುತ್ತೇನೆ — ಕೆಜಾಯಾ, ಎಂದೆ, ಕೆಜಾಯಾ ಅಲ್ವೇನಮ್ಮ ನೀನು. ತಲೆ ಮೆಲ್ಲಗೆ ಅಡ್ಡ ಆಡಿತು. ಅವ್ಳೆಲ್ಲಿಂದ ಬರ್ತಾಳೆ ಗಿಡಿಯನ್, ಮಗೂನ ಎತ್ಕೊಂಡು ಅಕ್ಕನ ಊರಿಗೆ ಹೋಗಿ ತಿಂಗಳಾಯ್ತಲ್ಲ, ಎಂದಳು ಟ್ರೈಫೀನಾ, ಅವಳೀಗ ನಗುತ್ತಿಲ್ಲ. ರೂಬೆನ್, ನಿಮ್ ಜೊತೆ ಬಂದಿದ್ದು ಯಾರೋ ಇವ್ರು, ಎಂದೆ. ನಾವು ಮೂರೇ ಜನ ಹೊರಟಿದ್ದು ಮಾವ, ಇವ್ರು ನಿಮ್ಮ ಬಾಗ್ಲಲ್ಲೇ ನಿಂತಿದ್ರು. ಮನೆಯಲ್ಲಿ ಅಗಿಯುವ ಸದ್ದು ನಿಂತಿತು. ಇನ್ನೊಂದೇ ಹೆಸರು ಉಳಿದಿದೆ, ಹೇಳಿದರೆ ಪರದೆ ಎತ್ತಬೇಕಾಗುತ್ತದೆ ಅವನು, ನೋಡಬೇಕಾಗುತ್ತದೆ ನಾನು, ಹೇಳದಿದ್ದರೆ ಇಲ್ಲೇ ನಿಂತಿರುತ್ತಾನೆ, ನಾಳೆಯೂ, ಹನ್ನೆರಡು ದಿನ ಮುಗಿದ ಮೇಲೂ — ನಾನ್ಯಾರು ಹೇಳಿ ಮಾವ ಎನ್ನಲಿಲ್ಲ, ನಾನ್ಯಾರು ಹೇಳು ಗಿಡಿಯನ್ ಎಂದ, ಉಸಿರನ್ನು ಒಳಗೆಳೆದುಕೊಂಡೇ. ಗೊತ್ತು ಕಣೋ, ನೀನ್ಯಾರು ಅಂತ ಗೊತ್ತು, ಹೆಸರು ನಾಲಿಗೆಯ ತುದಿಯಲ್ಲಿದೆ, ಬಾಯಿ ತೆರೆದಿದ್ದೇನೆ, ನನ್ನ ಉಸಿರೂ ಒಳಕ್ಕೇ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ, ಅವನ ಪರದೆ ಒಳಕ್ಕೆ ಹೋಯಿತು, ಬಾಯಿರುವ ಕಡೆ ಗುಳಿ, ಒದ್ದೆ ಗುಳಿ, ಇನ್ನೂ ಒಳಕ್ಕೆ, ಹೊರಗೆ ಬರುತ್ತಿಲ್ಲ, ಆ ಪರದೆ ಹೊರಗೆ ಬರುತ್ತಿಲ್ಲ