ನಾಲ್ಕನೆಯ ಮನೆಯವರೆಗೆ

ಅತ್ತೆ ಸೊಸೆ ನಡೆಸುತ್ತಿದ್ದ ಆ ಬೇಕರಿಯ ಗೋಡೆಯಲ್ಲೊಂದು ಗಡಿಯಾರವಿತ್ತು. ಆದರೆ ಹಿಟ್ಟಿನ ವಿಷಯದಲ್ಲಿ ಅದರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ನಾದಿದ ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಿ ಅತ್ತೆ ಕತೆ ತೆಗೆಯುತ್ತಿದ್ದಳು. ಕತೆ ಮುಗಿಯುವ ಹೊತ್ತಿಗೆ ಹಿಟ್ಟು ಉಬ್ಬಿ ಭಟ್ಟಿಗೆ ಹದವಾಗಿರುತ್ತಿತ್ತು. ಅದು ಅವಳಿಗೆ ಅವಳ ಅತ್ತೆಯಿಂದ ಬಂದ ಅಳತೆ.

ಕತೆಯ ಮೊದಲರ್ಧ ಇಷ್ಟು: ಲೋಕಕ್ಕೆಲ್ಲ ಒಂದೇ ಬೆಂಕಿಯಿದ್ದ ಕಾಲದಲ್ಲಿ ಹುಡುಗಿಯೊಬ್ಬಳು ತನ್ನ ಒಲೆಯ ಕೆಂಡವನ್ನು ಏಳು ಮನೆಗಳಿಗೆ ಹಂಚಿದಳು. ಒಬ್ಬರು ಅಡುಗೆ ಬೇಯಿಸಿದರು, ಒಬ್ಬರು ಕಬ್ಬಿಣ ಕಾಯಿಸಿದರು, ಒಬ್ಬರು ಗಾಡಿ ಓಡಿಸಿದರು. ಎಲ್ಲರಿಗೂ ಒಳಿತಾಯಿತು, ಆಕಾಶ ಮಾತ್ರ ಮಸಿ ಹಿಡಿಯಿತು.

ಮುಂದೇನೆಂಬುದು ಸೊಸೆಗೆ ಗೊತ್ತಿರಲಿಲ್ಲ. ಕತೆ ಪೂರ್ತಿ ನಡೆಯುತ್ತಿದ್ದ ಕಾಲದಲ್ಲಿ ಅವಳು ಅಂಗಡಿಯ ಮುಂಭಾಗದಲ್ಲಿ ಗಿರಾಕಿಗಳನ್ನು ಸಂಭಾಳಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಕೋಣೆಗೆ ಬಂದಾಗ ಸೆಕೆ ಕತೆಯನ್ನು ಬಾಲದಿಂದ ತಿನ್ನತೊಡಗಿತ್ತು. ನಲ್ಲಿಯ ನೀರೇ ಬೆಚ್ಚಗೆ ಬರುತ್ತಿತ್ತು, ಹಿಟ್ಟು ಬೇಗ ಉಬ್ಬುತ್ತಿತ್ತು. ಮೊದಲು ಏಳನೆಯ ಮನೆ ಬಿಟ್ಟುಹೋಯಿತು, ಬಳಿಕ ಆರನೆಯದು. ಈಗ ಮೂರನೆಯ ಮನೆ ಮುಟ್ಟುವಷ್ಟರಲ್ಲಿ ಹಿಟ್ಟು ತೊಟ್ಟಿಯ ಅಂಚು ದಾಟುತ್ತಿತ್ತು.

ಅತ್ತೆಗೂ ಉಸಿರು ಸಾಲುತ್ತಿರಲಿಲ್ಲ.

"ಕೊನೆ ಒಂದನ್ನಾದ್ರೂ ಹೇಳಿಬಿಡಿ ಅತ್ತೆ."

"ಬಾಲ ಹಿಡಿದು ಎಳೆದ್ರೆ ಬರೋಕೆ ಅದೇನು ಬೆಕ್ಕೇನೇ? ಮೊದಲಿಂದ ಹೇಳ್ತಾ ಹೋದ್ರೆ ತಾನಾಗಿ ಬರುತ್ತೆ."

ಒಂದು ಬೆಳಿಗ್ಗೆ ಹಿಟ್ಟು ಅಂಚಿಗೆ ಬಂದರೂ ಸೊಸೆ ಏಳಲಿಲ್ಲ.

"ಹಿಟ್ಟು ನೋಡೇ!"

"ಉಕ್ಕಲಿ. ನೀವು ಹೇಳಿ."

"ತಲೆ ಕೆಟ್ಟಿದೆಯಾ ನಿಂಗೆ? ಇವತ್ತಿನ ಬ್ರೆಡ್ಡು?"

"ಇವತ್ತು ಹಾಳಾಗಲಿ. ನನಗೂ ಸಾಕಾಗಿದೆ ಅತ್ತೆ."

ಅತ್ತೆ ಉಸಿರಿಗಾಗಿ ನಿಂತು ನಿಂತು ಮುಂದುವರಿಸಿದಳು. ಹುಡುಗಿ ಕೆಂಡಗಳನ್ನು ಹಿಂದಕ್ಕೆ ಕೇಳಲು ಹೊರಟಳು. ಪ್ರತಿ ಮನೆಯವರೂ 'ಮೊದಲು ಪಕ್ಕದವರು ಕೊಡಲಿ' ಎಂದರು. ತಿರುಗಿ ತಿರುಗಿ ಕಾಲು ಸೋತು ಮನೆಗೆ ಬಂದರೆ, ತನ್ನ ಒಲೆಯೇ ಧಗಧಗ ಉರಿಯುತ್ತಿತ್ತು. ಅದಕ್ಕೆ ಬೂದಿ ಮುಚ್ಚಿ ಕತ್ತಲಲ್ಲಿ ಕುಳಿತಳು. ಆಗ ಪಕ್ಕದ ಮನೆಯವಳು ಬಂದು ಬಾಗಿಲಲ್ಲಿ ನಿಂತಳು.

"ಅವಳು ಕೆಂಡ ವಾಪಸ್ ಕೊಟ್ಟಳಾ?" ಎಂದಳು ಸೊಸೆ.

"ನಮ್ಮತ್ತೆ ಅಲ್ಲಿಗೇ ನಿಲ್ಲಿಸ್ತಿದ್ರು. ಅಷ್ಟೊತ್ತಿಗೆ ಹಿಟ್ಟು ಹದವಾಗಿರ್ತಿತ್ತು."

ತೊಟ್ಟಿಯಿಂದ ಹುಳಿ ವಾಸನೆ ಏಳುತ್ತಿತ್ತು. ಹಿಟ್ಟಿನ ಕೋಣೆಯ ಒಂದು ಗೋಡೆಗೆ ತಮ್ಮ ಭಟ್ಟಿ, ಇನ್ನೊಂದು ಗೋಡೆಯಾಚೆ ಪಕ್ಕದ ಬೇಕರಿಯವನ ಭಟ್ಟಿ. ಸೊಸೆ ಎರಡನ್ನೂ ಮುಟ್ಟಿ ನೋಡಿದಳು. ಎರಡೂ ಅಂಗೈ ಸುಟ್ಟವು. ತಮ್ಮ ಭಟ್ಟಿಯ ಕಲ್ಲಿದ್ದಲಿಗೆ ಬೂದಿ ಎಳೆದು ಅವಳು ಪಕ್ಕದಂಗಡಿಗೆ ನಡೆದಳು.

"ಅಣ್ಣಾ, ನಾನು ಭಟ್ಟಿ ಆರಿಸಿದೆ. ನಾಳೆಯಿಂದ ನಮ್ಮ ಬ್ರೆಡ್ಡಿನ ಅಚ್ಚುಗಳೂ ನಿಮ್ಮದರಲ್ಲೇ ಬೇಯಲಿ. ಕಲ್ಲಿದ್ದಲು ಇಬ್ಬರೂ ಹಾಕೋಣ."

ಅವನು ಹೆಗಲ ಟವೆಲಿನಿಂದ ಕತ್ತು ಒರೆಸಿಕೊಂಡ. "ಯಾಕಮ್ಮಾ, ನಿಮ್ಮೊಂದು ಭಟ್ಟಿ ಆರಿದ್ರೆ ಸೂರ್ಯ ಹೆದರಿ ತಣ್ಣಗಾಗ್ತಾನಾ?"

"ಆಗಲ್ಲ. ನಮ್ಮ ಗೋಡೆ ಆಗುತ್ತೆ. ನಿಮ್ಮ ಭಟ್ಟಿ ದಿನಾ ಅರ್ಧ ಖಾಲಿ, ನಮ್ಮದೂ ಅರ್ಧ ಖಾಲಿ. ಬೆಂಕಿ ಮಾತ್ರ ಎರಡು."

"ಜಗಳ ಬರುತ್ತೆ."

"ಬರಲಿ. ಈಗೇನು ಜಗಳ ಇಲ್ದೆ ಇದ್ದೀವಾ?"

ಆ ಸೆಕೆಯಲ್ಲಿ ಅವನಿಗೂ ವಾದಿಸುವಷ್ಟು ಶಕ್ತಿ ಉಳಿದಿರಲಿಲ್ಲ. "ಒಂದಿನ ನೋಡೋಣ" ಎಂದ.

ಮರುದಿನ ಹಿಟ್ಟಿನ ಕೋಣೆಯ ಒಂದು ಗೋಡೆ ಕೈಯಿಡುವಷ್ಟು ತಣ್ಣಗಿತ್ತು. ಹೊರಗೆ ಬೀದಿ ಎಂದಿನಂತೆ ಸುಡುತ್ತಿತ್ತು. ಬಸ್ಸುಗಳು ಹೊಗೆ ಕಾರುತ್ತ ಹೋಗುತ್ತಿದ್ದವು. ಅತ್ತೆ ಕತೆ ತೆಗೆದಳು. ಮೊದಲ ಮನೆ, ಎರಡನೆಯದು, ಮೂರನೆಯದು. ಸೊಸೆ ಬಟ್ಟೆ ಎತ್ತಿ ನೋಡಿದಳು. ಹಿಟ್ಟು ಇನ್ನೂ ಅಂಚಿನ ಕೆಳಗಿತ್ತು. ನಾಲ್ಕನೆಯ ಮನೆಯಲ್ಲಿ ಹದ ಬಂತು.

"ಇಷ್ಟೇ," ಎಂದಳು ಅತ್ತೆ, ಗೋಡೆಗೆ ಒರಗಿ.

"ಉಳಿದದ್ದು ನನಗೆ ಗೊತ್ತು," ಎಂದು ಸೊಸೆ ಅಚ್ಚುಗಳನ್ನು ಹೊತ್ತು ಪಕ್ಕದಂಗಡಿಗೆ ಹೊರಟಳು.