ಕಿವಿಯ ಕೆಲಸ

ಹೋಟೆಲಿನಲ್ಲಿ ಅವಳನ್ನು ಎಲ್ಲರೂ ಪಾದರಸ ಎಂದೇ ಕರೆಯುತ್ತಿದ್ದರು. ಗಿರಾಕಿ ನೀರು ಬೇಕೆಂದು ತಲೆಯೆತ್ತುವ ಮೊದಲೇ ಲೋಟ ಮುಂದಿರುತ್ತಿತ್ತು. ಒಂದು ಮೇಜಿಗೆ ಬಡಿಸುತ್ತಲೇ ಹಿಂದಿನ ಮೇಜಿನ ಮಾತು ಕೇಳಿಸಿಕೊಳ್ಳುವುದು ಆ ಕಸುಬಿನ ಅರ್ಧ ವಿದ್ಯೆ. ಆದರೆ ನಿಂತೂ ನಿಂತೂ ಮೊಣಕಾಲು ಕೈಕೊಟ್ಟಿತು. ಇನ್ನು ನಿಂತು ಮಾಡುವ ಕೆಲಸ ಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ಕಂಪ್ಯೂಟರ್ ಕಲಿತು, ಸರಕು ಸಾಗಣೆಯ ಆಫೀಸೊಂದರಲ್ಲಿ ಬಿಲ್ಲು ಟೈಪು ಮಾಡಲು ಸೇರಿದಳು. ಆರು ತಿಂಗಳು ನೋಡುತ್ತಾರಂತೆ. ಆಮೇಲೆ ಕಾಯಂ, ಇಲ್ಲವೇ ಮನೆ.

ಕೂತು ಮಾಡುವ ಕೆಲಸವೇನೋ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಹೋಟೆಲಿನಲ್ಲಿ ತಪ್ಪಾದರೆ ಅಡುಗೆಭಟ್ಟ ಅವಳ ಏಳು ತಲೆಮಾರನ್ನೂ ಬೈದು, ಕೈ ತೊಳೆಯುವಷ್ಟರಲ್ಲಿ ಮರೆತುಬಿಡುತ್ತಿದ್ದ. ಇಲ್ಲಿ ಯಾರೂ ಬೈಯುವುದಿಲ್ಲ. ಬಿಲ್ಲು ಅದಲುಬದಲಾದಾಗಲೂ ಮ್ಯಾನೇಜರು ಪರವಾಗಿಲ್ಲಮ್ಮ ಎಂದು ನಕ್ಕರು. ಆ ನಗು ನೋಡಿದ ಮೇಲೆ ಅವಳಿಗೆ ಊಟ ಸೇರಲಿಲ್ಲ. ಬೆಂಕಿಗೆ ತುಪ್ಪ ಸುರಿಯಲು ಮನೆಯಲ್ಲಿ ಅತ್ತೆ ಇದ್ದರು.

"ಬೈಯದ ಯಜಮಾನನ್ನ ನಂಬಬೇಡ ಕಣೆ. ಎಲ್ಲಾ ಹೊಟ್ಟೆಯೊಳಗೆ ಇಟ್ಕೊಂಡಿರ್ತಾನೆ."

ಅವಳದೂ ಒಂದು ತಪ್ಪಿತ್ತು, ಅದು ತಪ್ಪೆಂದು ಅವಳಿಗೆ ಹೊಳೆಯಲೇ ಇಲ್ಲ. ಮೂಲೆಯ ಮೇಜಿನ ಕನ್ನಡಕದವನು ಸ್ಟೇಪ್ಲರ್ ಪಿನ್ನು ಮುಗಿಯಿತೆಂದು ಪಕ್ಕದವನಿಗೆ ಪಿಸುಗುಟ್ಟಿದರೆ, ಇವಳು ಎದ್ದುಹೋಗಿ ಪಿನ್ನಿನ ಡಬ್ಬಿ ಅವನ ಮುಂದಿಟ್ಟು ಬರುವಳು. ಇನ್ನೊಬ್ಬಾಕೆ ತನಗೆ ತಲೆನೋವೆಂದು ಫೋನಿನಲ್ಲಿ ಗಂಡನ ಹತ್ತಿರ ಹೇಳಿಕೊಂಡರೆ, ಫೋನಿಡುವಷ್ಟರಲ್ಲಿ ಮಾತ್ರೆ, ನೀರು ಎರಡೂ ಹಾಜರು. ಹೋಟೆಲಿನಲ್ಲಾಗಿದ್ದರೆ ಟಿಪ್ಸ್ ಬೀಳುತ್ತಿತ್ತು. ಇಲ್ಲಿ ಮುಖಗಳು ಬಿಳಿಚಿಕೊಂಡವು. ಇಷ್ಟು ಕೇಳಿಸಿಕೊಂಡವಳು ಇನ್ನೇನೇನು ಕೇಳಿಸಿಕೊಂಡಿರಬೇಡ? ಅವಳು ಬಂದರೆ ಮಾತು ನಿಲ್ಲತೊಡಗಿತು. ಮಾತು ನಿಂತಾಗಲೆಲ್ಲ, ತನ್ನನ್ನು ತೆಗೆಯುವ ಮಾತೇ ನಡೆದಿತ್ತೆಂದು ಇವಳ ಗುಮಾನಿ. ಇಡೀ ಆಫೀಸು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತ ಟೈಪು ಮಾಡುತ್ತಿತ್ತು.

ಪಕ್ಕದ ಮೇಜಿನ ಹಿರಿಯಳು ಮಾತ್ರ ಬೇರೆ. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಕೆಲಸ ಕಲಿಸಿದವಳು, ಬುತ್ತಿಯಲ್ಲಿ ಪಾಲು ಕೊಟ್ಟವಳು ಅವಳೇ. ಮೊಣಕಾಲಿನ ಕಥೆಯನ್ನು ಪಾದರಸ ಹೇಳಿದ್ದು ಅವಳೊಬ್ಬಳಿಗೇ. ಇದು ಹೋದರೆ ಹೋಟೆಲಿಗೂ ಮರಳಲಾರೆನೆಂದು ಕಣ್ಣೊರೆಸಿಕೊಂಡಿದ್ದಳು.

ಆರು ತಿಂಗಳು ತುಂಬುವ ವಾರ ಮ್ಯಾನೇಜರು ಅವಳನ್ನು ಕರೆದು ಬಾಗಿಲು ಹಾಕಿಸಿದರು. ಕೆಲಸ ಚೆನ್ನಾಗಿದೆ ಎಂದು ಸಾಕಷ್ಟು ಬೆಣ್ಣೆ ಹಚ್ಚಿ, ಆಮೇಲೆ ವಿಷಯಕ್ಕೆ ಬಂದರು.

"ನಿಮ್ಮ ಕಿವಿ ಬಹಳ ಚುರುಕಂತೆ. ಹೊರಗೆ ಯಾರ್ಯಾರು ಏನೇನು ಮಾತಾಡ್ತಾರೆ, ಆಗಾಗ ಬಂದು ಹೇಳ್ತಾ ಇರಿ. ಕೆಲಸ ಕಾಯಂ."

ಹೋಟೆಲಿನಲ್ಲಿ ಕೇಳಿದ್ದನ್ನೆಲ್ಲ ಮೇಜಿನ ಜೊತೆಗೇ ಒರೆಸಿಬಿಡುತ್ತಿದ್ದೆ, ಹೊತ್ತು ತಿರುಗುವ ಅಭ್ಯಾಸವಿಲ್ಲ ಎಂದಳು ಅವಳು. ಮ್ಯಾನೇಜರು ಮತ್ತೆ ಅದೇ ನಗು ನಕ್ಕರು.

"ಯೋಚನೆ ಮಾಡಿ. ಆ ಮೊಣಕಾಲು ಇಟ್ಕೊಂಡು ವಾಪಸ್ ಹೋಟೆಲಿಗೆ ಹೋಗೋಕಾಗಲ್ವಲ್ಲ."

ಮೊಣಕಾಲಿನ ಮಾತು ಈ ಕೋಣೆಗೆ ಹೇಗೆ ಬಂತು? ಇಷ್ಟು ದಿನ ಎಲ್ಲರ ಮೇಲೂ ಸಂಶಯಪಟ್ಟಿದ್ದಳು, ಅಕ್ಕನೊಬ್ಬಳನ್ನು ಬಿಟ್ಟು. ಸಿಟ್ಟಿಗಿಂತ ಮೊದಲು ಅಳು ಬಂತು. ನುಂಗಿಕೊಂಡು, ನಾಳೆ ಹೇಳುತ್ತೇನೆಂದು ಎದ್ದುಬಂದಳು.

ಹೊರಗೆ ಕೀಬೋರ್ಡುಗಳ ಸದ್ದು ನಿಂತಿತು. ಅಕ್ಕ ಕುರ್ಚಿ ಎಳೆದುಕೊಟ್ಟು, ಮುಖ ಯಾಕೆ ಹೀಗಾಗಿದೆ, ಕಾಲು ನೋವೇ ಎಂದು ಮೆಲ್ಲಗೆ ವಿಚಾರಿಸಿದಳು. ಅಕ್ಕನ ಕಿವಿಗೆ ಹಾಕಿದ್ದು ಒಳಗಿನ ಕೋಣೆ ಮುಟ್ಟುತ್ತದೆಂದು ಪಾದರಸಕ್ಕೆ ಈಗ ಗೊತ್ತಿತ್ತು. ಮುಟ್ಟಲಿ ಎಂದೇ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ನೆಟ್ಟಗೆ ನಿಂತಳು.

"ಕಾಲು ವಾಸಿಯಾಯ್ತಕ್ಕ. ಹೋಟೆಲಿನವರು ಮತ್ತೆ ಕರೀತಿದ್ದಾರೆ. ಈಗ ದಿನವಿಡೀ ಬೇಕಾದ್ರೂ ನಿಲ್ತೀನಿ."

ಅಕ್ಕ ಅವಳ ಮುಖ ನೋಡಿದಳು, ಕಾಲು ನೋಡಿದಳು, ಆಮೇಲೆ ಒಂದು ಫೈಲು ಎತ್ತಿಕೊಂಡಳು. ನಿಂತವಳ ಮೊಣಕಾಲಿನಲ್ಲಿ ಬೆಂಕಿ ಉರಿಯುತ್ತಿತ್ತು. ಅಕ್ಕ ಮ್ಯಾನೇಜರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೂ ಅವಳು ಕೂರಲಿಲ್ಲ.