ಗಾಲಿಮನೆಯ ಮಾಳಿಗೆ

ಮೂವತ್ತಮೂರು ವರ್ಷ ಸಾರಿಗೆ ಬಸ್ಸು ಓಡಿಸಿ ನಿವೃತ್ತನಾದ ಕಾಶಿರಾಯನಿಗೆ ಒಂದೇ ಕೊರಗು: ಊರ ಮಂದಿಯನ್ನೆಲ್ಲ ತಿರುಗಿಸಿದೆ, ಹೆಂಡತಿಗೆ ಏನೂ ತೋರಿಸಲಿಲ್ಲ. ಅದಕ್ಕೇ ರಸ್ತೆ ಗುತ್ತಿಗೆದಾರನೊಬ್ಬ ತನ್ನ ಇಂಜಿನಿಯರುಗಳು ಮಲಗಲೆಂದು ಇಟ್ಟುಕೊಂಡಿದ್ದ ಹಳೆಯ ಗಾಲಿಮನೆಯೊಂದನ್ನು ಕೊಂಡು ತಂದ. ಎರಡು ಗಾಲಿಯ ಮೇಲೆ ಒಂದು ಪ್ಲೈವುಡ್ ಕೋಣೆ, ಒಳಗೆ ಎರಡು ಮಂಚ, ಒಂದು ಗ್ಯಾಸಿನ ಒಲೆ. ಜೀಪಿನ ಹಿಂದೆ ಕೊಂಡಿ ಹಾಕಿದರೆ ಸಂಸಾರವೇ ಹೊರಟಂತೆ. ಕಲಬುರಗಿಯಲ್ಲಿ ಅವರಿದ್ದ ಜೇವರ್ಗಿ ಕಾಲೋನಿಯ ಮಂದಿ ನಕ್ಕರು. ನಗಲಿ ಬಿಡಿ, ನಗುವುದಕ್ಕೇನು ತೆರಿಗೆಯೇ?

ತೊಂದರೆ ಮಾಳಿಗೆಯದು, ತಲೆ ಮೇಲಿನ ಚಾವಣಿಯದು. ಮೊದಲ ಮಳೆಗೇ ಸೋರಿತು. ಕಾಶಿರಾಯ ಹೆಂಡತಿಗೆ ಹೇಳದೆ ಮೇಲೆ ಹತ್ತಿ ಏನೋ ಹರಡಿ ಬಂದ. ಹಾಸಿಗೆ ಯಾಕೆ ಒದ್ದೆ ಎಂದು ಗುರುದೇವಿ ಕೇಳಿದರೆ, "ತಂಬಿಗಿ ಉರುಳ್ತು" ಎಂದ. ಮುಂದೆ ಪ್ರತಿ ವರ್ಷ ಸೋರಿತು, ಪ್ರತಿ ಸಲ ಮತ್ತೊಂದು ಪದರ ಬಿತ್ತು, ಮತ್ತೊಂದು ತಂಬಿಗೆ ಉರುಳಿತು. ಕೊನೆಗೆ ಹೋದ ವರ್ಷ ಬೀದರಿನಲ್ಲಿ ಗಾಡಿ ನಿಲ್ಲಿಸಿ ಮಧ್ಯಾಹ್ನದ ನಿದ್ದೆ ತೆಗೆಯುತ್ತಿದ್ದಾಗ ಮಳೆ ಬಂದು, ಮಾಳಿಗೆಯ ನೀರು ಗುರುದೇವಿಯ ಮುಖದ ಮೇಲೇ ಸುರಿಯಿತು. ಆಕೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ನೇರ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟಳು. ಬಸ್ಸಿನ ಡ್ರೈವರನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಕಾರವಾರದ ಸಮುದ್ರ ನೋಡಿ ಬರೋಣ ಎಂದು ಅವನು ವರ್ಷವಿಡೀ ಗೋಗರೆದ ಮೇಲೆ ಆಕೆ ಷರತ್ತು ಹಾಕಿದಳು.

"ಕಮಲಾಪುರದ ಹಮೀದ್ ಭಾಯಿ ಕಡೀಂದ ರಿಪೇರಿ ಮಾಡಸ್ರಿ. ನನ್ನ ಕಣ್ಣಮುಂದ ಆಗಬೇಕು. ಆಮ್ಯಾಲ ನೀರು ಬಿಟ್ಟು ನೋಡೂಣು. ಒಂದು ಹನಿ ಬಿತ್ತೋ, ಗಾಡಿ ಗುಜರಿಗೆ, ನಾ ಮನಿಗೆ."

ಹಮೀದ್ ಲಾರಿ, ಟೆಂಪೊಗಳಿಗೆ ಬಾಡಿ ಕಟ್ಟುವವನು. ಗಾಲಿಮನೆಯನ್ನು ಅವನ ಅಂಗಳಕ್ಕೆ ಎಳೆದು ತಂದು ನಿಲ್ಲಿಸಿದಾಗ ಏಣಿ ಹತ್ತಿ, ನಡುವೆ ಬಾಣಲೆಯಂತೆ ಕುಸಿದಿದ್ದ ಜಾಗವನ್ನು ಒತ್ತಿ ನೋಡಿ, ಉಳಿ ಹಿಡಿದು ಕೀಳತೊಡಗಿದ. ಗುರುದೇವಿ ಬೇವಿನ ನೆರಳಿನಲ್ಲಿ ಕೂತು ಕೆಂಪು ಬಾಳೆಹಣ್ಣು ಸುಲಿಯುತ್ತ ನೋಡುತ್ತಿದ್ದಳು. ಮೊದಲು ಡಾಂಬರಿನ ಹಾಳೆ ಬಂತು. ಅದರ ಕೆಳಗೆ ಯಾರೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು. ಆಸಾಮಿ ಅಲ್ಲೂ ಕೈ ಮುಗಿದು ನಗುತ್ತಿದ್ದ. ಆಮೇಲೆ ಸಿಮೆಂಟು, ಗೋಣಿತಟ್ಟು. ಎಲ್ಲಕ್ಕಿಂತ ಕೆಳಗೆ ಎರಡು ಬುಟ್ಟಿ ಮಣ್ಣು.

"ಕಾಕಾ, ಇದೇನ್ರಿ, ಮಣ್ಣು?"

"ನಮ್ಮಪ್ಪ ಮಳಿಗಾಲಕ್ಕ ಮೊದಲು ವರ್ಷಾ ಮಾಳಿಗಿಗೆ ಮಣ್ಣು ಹಾಕ್ತಿದ್ದ. ಒಂದು ಹನಿ ಸೋರ್ತಿದ್ದಿಲ್ಲ," ಎಂದು ಕಾಶಿರಾಯ ಗೊಣಗಿದ.

"ಮನಿ ಕುಂತಲ್ಲೇ ಕುಂತಿರ್ತದ ಕಾಕಾ, ಗ್ವಾಡಿ ಭಾರ ಹೊರ್ತಾವ. ಇದು ಓಡ್ತದ, ಕುಣೀತದ. ಮೂಗಿಗಿಂತ ಮೂಗುತಿ ಭಾರ ಮಾಡೀರಿ. ಭಾರಕ್ಕ ತಗ್ಗು ಬಿತ್ತು, ತಗ್ಗಿನಾಗ ನೀರು ನಿಂತು ಸೋರ್ತು. ಸೋರ್ತಂತ ನೀವು ಮತ್ತ ಭಾರ ಹಾಕಿದ್ರಿ."

ಗುರುದೇವಿ ಬೆರಳು ಮಡಚುತ್ತಿದ್ದಳು. "ಐದು ಪದರ. ಅಂದ್ರ ಐದು ತಂಬಿಗಿ," ಎಂದಳು.

ಕಾಶಿರಾಯ ಬಗ್ಗಿ, ಕಿತ್ತು ಬಿದ್ದ ಗೋಣಿತಟ್ಟನ್ನು ಮಡಚತೊಡಗಿದ.

"ಸೋರಿದ್ದಕ್ಕ ನನಗ ಸಿಟ್ಟಿಲ್ಲರೀ. ಮಣ್ಣಿನ ಮನ್ಯಾಗ ಹುಟ್ಟಿದಾಕಿ ನಾ. ಗೊತ್ತಿದ್ದೂ ಹೇಳದಂಗ ಮುಚ್ಚಿಟ್ರಲ್ಲ, ಅದಕ್ಕ ಬಸ್ ಹತ್ತಿದ್ದು."

ಎರಡು ದಿನ ಕೆಲಸ ನಡೆಯಿತು. ಒಳಗಿನಿಂದ ಜಾಕು ಕೊಟ್ಟು ಕುಸಿದ ಮಾಳಿಗೆಯನ್ನು ಎತ್ತಿದರು. ಜಾಕು ತಿರುಗಿಸಿದವನು ಕಾಶಿರಾಯ. ಅದೊಂದು ವಿದ್ಯೆ ಅವನಿಗೆ ಹಮೀದನಿಗಿಂತ ಚೆನ್ನಾಗಿ ಬರುತ್ತಿತ್ತು. ಕೊಳೆತ ಮರದ ಪಟ್ಟಿಗಳ ಜಾಗದಲ್ಲಿ ಹಮೀದ್ ತೆಳು ಕಬ್ಬಿಣದ ಪೈಪುಗಳನ್ನು ನಡುವೆ ತುಸು ಉಬ್ಬುವಂತೆ ಬಗ್ಗಿಸಿ ಕೂಡಿಸಿದ, ನೀರು ಎರಡೂ ಕಡೆ ಜಾರಿ ಹೋಗಲೆಂದು. ಮೇಲೆ ಒಂದೇ ಒಂದು ಅಲ್ಯುಮಿನಿಯಂ ತಗಡು. ಸಂಜೆ ಜೀಪಿನಲ್ಲಿ ಕಲಬುರಗಿಗೆ ಮರಳುವಾಗ ಗಂಡಹೆಂಡಿರು ಜಗತ್ ವೃತ್ತದ ಹತ್ತಿರ ಮಿರ್ಚಿ ಭಜಿ ತಿಂದರು. ಗುರುದೇವಿ ತನ್ನ ಪಾಲಿನ ಒಂದು ಭಜಿಯನ್ನು ಗಂಡನ ಕಡೆ ಸರಿಸಿದಾಗ ಅವನ ಜೀವ ಹಗುರಾಯಿತು.

ಮೂರನೆಯ ದಿನ ಪರೀಕ್ಷೆ. ಏಣಿ ಹತ್ತಿ ನೀರಿನ ಪೈಪು ಹಿಡಿದವಳು ಗುರುದೇವಿ. "ಒಳಗ ನೀವೇ ಕೂಡ್ರಿ," ಎಂದಳು. ಯಾಕೆ ಹಾಗೆಂದಳೋ, ಆಕೆಯನ್ನೇ ಕೇಳಬೇಕು.

ಬಾಗಿಲು ಹಾಕಿಕೊಂಡು ಕಾಶಿರಾಯ ಮಂಚದ ಮೇಲೆ ಕೂತ. ತಲೆಯ ಮೇಲೆ ನೀರು ಧೋ ಎಂದು ಸುರಿಯಿತು. ಐದು ನಿಮಿಷ, ಹತ್ತು ನಿಮಿಷ, ಎಲ್ಲ ಒಣ. ಖುಷಿಯಿಂದ ಎದೆ ತುಂಬಿ ಬಂತು. ಅಷ್ಟರಲ್ಲಿ ಕಿಟಕಿಯ ಮೇಲಿನ ಮೂಲೆಯಲ್ಲಿ, ಒಂದು ಸ್ಕ್ರೂವಿನ ಬುಡದಲ್ಲಿ, ನೀರು ಮಣಿಯಷ್ಟಾಗಿ, ಕಡಲೆಯಷ್ಟಾಗಿ, ಟಪ್ಪೆಂದು ಅವನ ಮೊಣಕಾಲ ಮೇಲೆ ಬಿತ್ತು.

ಒಂದೇ ಹನಿ. ಹೆಗಲ ಮೇಲೆ ಟವೆಲ್ಲಿತ್ತು. ಒರೆಸಿದರೆ ಮುಗಿಯಿತು, ನಾಳೆ ಕಾರವಾರ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಬಾಗಿಲ ಕಡೆ ನೋಡುತ್ತಲೇ ಕೈ ಟವೆಲ್ಲಿಗೆ ಹೋಯಿತು. ಅಲ್ಲೇ ನಿಂತಿತು. ಸಮುದ್ರ ಹೋದರೆ ಹೋಗಲಿ ಎಂದುಕೊಂಡು ಗಂಟಲು ಬಿಚ್ಚಿ ಕೂಗಿದ.

"ಗುರುದೇವೀ! ಒಂದು ಹನಿ ಬಿತ್ತು ನೋಡು!"

ನೀರು ನಿಂತಿತು. ಆಕೆ ಇಳಿದು ಒಳಗೆ ಬಂದಳು. ಸ್ಕ್ರೂ ನೋಡಿದಳು, ಗಂಡನ ಒದ್ದೆ ಮೊಣಕಾಲು ನೋಡಿದಳು.

"ಹಮೀದ್ ಭಾಯಿ, ಈ ಮೂಲ್ಯಾಗ ಒಂದು ಸ್ಕ್ರೂ ಸಡ್ಲ ಅದ, ಬಿಗಿ ಮಾಡ್ರಿ," ಎಂದು ಹೊರಗೆ ಕೂಗಿ ಹೇಳಿ, ಗಂಡನ ಪಕ್ಕದಲ್ಲೇ ಮಂಚದ ಮೇಲೆ ಕೂತಳು.

"ಮತ್ತ ನಿನ್ನ ಷರತ್ತು?" ಕಾಶಿರಾಯನ ದನಿ ಸಣ್ಣಗಾಗಿತ್ತು.

"ಹಾದ್ಯಾಗ ಸೋರಿದ್ರೂ ಹಿಂಗೇ ಹೇಳ್ತೀರಿಲ್ಲ?"

"ಹೇಳ್ತೇನಿ."

"ಹಂಗಾರ ನಾಳಿ ನಸುಕಿನ್ಯಾಗ ಹೊಂಡೂಣು," ಎಂದಳು ಗುರುದೇವಿ.